ಎತ್ತಿಗೆ ಸೋಮವಾರ, ಅಶ್ವತ್ಥಮ್ಮನಿಗೆ ಯಾವ ವಾರ?

ನಮ್ಮ ಸಿರಾ ಸೀಮೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಮಹಾರಾಜರ ಹುಕುಮನ್ನಾದರೂ ಅಮಲ್ದಾರರ ಮುಂದೆ ಅತ್ತು ಕರೆದು ತಪ್ಪಿಸಿಕೊಳ್ಳಬಹುದು. ಎತ್ತಿನ ಸೋಮವಾರ ತಪ್ಪಿಸಿದವನು ಮಾತ್ರ ಊರಿನಲ್ಲಿ ತಲೆಯೆತ್ತಿ ಓಡಾಡುವ ಹಾಗಿಲ್ಲ. ಆವತ್ತು ಎತ್ತು ಕೊಟ್ಟಿಗೆಯಲ್ಲಿ ಮಲಗಿ ಮೆಲುಕು ಹಾಕುತ್ತದೆ. ಎತ್ತೇ ಮಲಗಿದ ಮೇಲೆ ನಾನೊಬ್ಬ ಹೊಲಕ್ಕೆ ಹೋಗಿ ಏನು ಕಡಿದು ಕಟ್ಟೆ ಹಾಕಲಿ ಎಂದು ಎತ್ತಿನ ಯಜಮಾನನೂ ಮಲಗುತ್ತಾನೆ.

ನಮ್ಮೂರ ಗಂಗಹನುಮಯ್ಯ ಕ್ರೈಸ್ತನಾದ ಮೇಲೆ ಭಾನುವಾರವೂ ಮಲಗತೊಡಗಿದ. ಭಾನುವಾರ ಕರ್ತನ ದಿನವಂತೆ, ಆವತ್ತು ಕೆಲಸ ಮಾಡಿದರೆ ಪಾಪವಂತೆ. ಸರಿಯಪ್ಪ, ಒಪ್ಪಿದೆ. ಹಾಗಾದರೆ ಸೋಮವಾರವಾದರೂ ನೇಗಿಲು ಕಟ್ಟಬೇಕಲ್ಲ? ಕೇಳಿದರೆ ಅವನ ಉತ್ತರ ಸಿದ್ಧವಾಗಿತ್ತು. “ಅದು ಎತ್ತಿನ ವಾರ ಅಯ್ನೋರೆ. ಕಿರಸ್ತಾನ ಆಗಿರೋನು ನಾನು, ಎತ್ತಲ್ವಲ್ಲ!”

ಅಯ್ಯನವರು ಎಂದರೆ ನಾನು, ಪರ್ವತಯ್ಯ. ಅವನ ಎದುರು ಮನೆಯವನು. ನನ್ನ ಜಗಲಿಯ ಮೇಲೆ ಕೂಲಿಮಠ ನಡೆಸಿ ಊರಿನ ಮಕ್ಕಳಿಗೆ ಮಗ್ಗಿ ಕಲಿಸಿಕೊಂಡಿರುವ ಜಂಗಮ. ಜಂಗಮನಿಗೆ ಕ್ರೈಸ್ತರ ಮನೆಯ ಉಸಾಬರಿ ಯಾಕೆ ಎನ್ನುವವರು ಅನ್ನಲಿ. ಎದುರು ಮನೆಯ ಬಾಗಿಲು ನನ್ನ ಮೂಗಿನ ನೇರಕ್ಕಿದೆ. ನೋಡಬಾರದು ಅಂದರೆ ನಾನು ಕಣ್ಣಿಗೂ ವಿಭೂತಿ ಬಳಿದುಕೊಳ್ಳಬೇಕಾಗುತ್ತಿತ್ತು.

ಗಂಗಹನುಮಯ್ಯ ಯೇಸುಸ್ವಾಮಿಯ ಹತ್ತಿರ ಹೋದದ್ದು ಭಕ್ತಿಯಿಂದ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ದಾಯಾದಿ ಜಗಳದಿಂದ ಹೋದ. ಮೊದಲು ಅವನು ಊರ ಮಾರಮ್ಮನ ಗುಡಿಯ ಪೂಜಾರಿ. ಹೂ ಕೊಡಿಸುವುದರಲ್ಲಿ ಅವನನ್ನು ಮೀರಿಸುವವನು ಹುಲಿಕುಂಟೆ ಹೋಬಳಿಯಲ್ಲೇ ಇರಲಿಲ್ಲ. ಹೂ ಕೇಳುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಪದ್ಧತಿ. ದೇವಿಯ ಎರಡು ಭುಜಕ್ಕೆ ಎರಡು ಹೂವು ನೀರಿನಲ್ಲಿ ಅದ್ದಿ ಅಂಟಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಆಗಲಿ ಎಂದು ಅರ್ಥ, ಎಡಗಡೆಯದು ಬಿದ್ದರೆ ಬೇಡ ಎಂದು. ಹೆಣ್ಣು ತರಬೇಕೆ, ಬಾವಿ ತೋಡಬೇಕೆ, ಎಮ್ಮೆ ಮಾರಬೇಕೆ, ಎಲ್ಲಕ್ಕೂ ಹೂವೇ ಅಪ್ಪಣೆ. ಪಾವಗಡದ ಕಡೆಯಿಂದ ತೆಲುಗಿನವರು ಗಾಡಿ ಕಟ್ಟಿಕೊಂಡು ಬಂದು “ಅಮ್ಮ ಏಮಿ ಚೆಪ್ಪಿಂದಿ ಸಾಮಿ?” ಎಂದು ಕೈಮುಗಿದು ನಿಲ್ಲುತ್ತಿದ್ದರು.

ಅಮ್ಮ ಏನು ಹೇಳುತ್ತಿದ್ದಳೋ ಅಮ್ಮನಿಗೇ ಗೊತ್ತು. ಗಂಗಹನುಮಯ್ಯನಿಗೆ ಬೇಕಾದದ್ದೇ ಆಕೆಗೂ ಬೇಕಾಗುತ್ತಿದ್ದದ್ದಂತೂ ನಾನು ಕಂಡಿದ್ದೇನೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಅವನ ದಾಯಾದಿ ರಂಗಯ್ಯ ಒಂದು ದಿನ ಪೂಜೆಯ ಸರತಿ ತನ್ನದೆಂದು ಪಂಚಾಯಿತಿ ಸೇರಿಸಿದ. ಪಂಚರು ರಂಗಯ್ಯನ ಕಡೆ ತೀರ್ಮಾನ ಕೊಟ್ಟರು. ಗಂಗಹನುಮಯ್ಯ ಗುಡಿಯ ಬೀಗದಕೈ ಕೊಡುವ ಮುಂಚೆ ಕೊನೆಯದಾಗಿ ಮಾರಮ್ಮನ ಮುಂದೆ ಕೂತು, “ತಾಯಿ, ನಾನು ಕಿರಸ್ತಾನ ಆಗ್ಲಾ?” ಎಂದು ಹೂ ಕೇಳಿದ. ಬಲಗಡೆ ಹೂವು ತಟಕ್ಕನೆ ಬಿತ್ತು. ಮಾರಮ್ಮನ ಅಪ್ಪಣೆ ಪಡೆದು ಯೇಸುವಿನ ಹಿಂದೆ ಹೋದವನು ಈ ಭೂಮಂಡಲದಲ್ಲಿ ಇವನೊಬ್ಬನೇ ಇರಬೇಕು. ಅವನ ಕೈಯಿಂದ ಹೂವು ಈಸಿಕೊಂಡು ರೂಢಿಯಾಗಿದ್ದ ನಾಲ್ಕಾರು ಮನೆಯವರೂ ಅವನ ಹಿಂದೆಯೇ ಹೋದರು. ಹೆಸರು ಬದಲಾಯಿಸಬೇಕು ಎಂದು ಮಿಷನ್ನಿನವರು ಅಂದಾಗ ಮಾತ್ರ ಅವನು ಒಪ್ಪಲಿಲ್ಲ. ಕಂದಾಯದ ಲೆಕ್ಕದಲ್ಲಿ ಹೊಲ ಗಂಗಹನುಮಯ್ಯನ ಹೆಸರಿನಲ್ಲಿತ್ತು ನೋಡಿ, ಹೊಲ ಬಿಟ್ಟು ಮೋಕ್ಷಕ್ಕೆ ಹೋಗುವ ಜಾತಿಯವನಲ್ಲ ಆಸಾಮಿ.

ಅವನ ಹೆಂಡತಿ ಅಶ್ವತ್ಥಮ್ಮನ ವಿಷಯವೇ ಬೇರೆ. ಅವಳು ನಿಜವಾಗಿ ನಂಬಿದಳು. ಒಂದು ಸಲ ಸಿರಾದ ಸಂತೆಗೆ ತಲೆಯ ಮೇಲೆ ಕಡಲೆಕಾಯಿ ಮಂಕರಿ ಹೊತ್ತು ಹೋಗಿದ್ದಾಗ ಹುಣಸೆಮರದ ಕೆಳಗೆ ಮಿಷನ್ನಿನ ಉಪದೇಶಿಯೊಬ್ಬರು ನಿಂತು ಕೂಗಿ ಹೇಳುತ್ತಿದ್ದರಂತೆ. ದುಡಿದು ದಣಿದವರು, ಹೊರೆ ಹೊತ್ತವರು, ಎಲ್ಲರೂ ನನ್ನ ಹತ್ತಿರ ಬನ್ನಿ, ನಿಮ್ಮ ದಣಿವು ಆರಿಸುತ್ತೇನೆ ಅಂತ ಯೇಸುಸ್ವಾಮಿ ಕರೆಯುತ್ತಾನೆ ಎಂದು. ಅವಳು ಮಂಕರಿ ಇಳಿಸಿ ಅಲ್ಲೇ ಕೂತುಬಿಟ್ಟಳಂತೆ. ಆ ಸಂಜೆ ಬಾವಿಕಟ್ಟೆಯ ಹತ್ತಿರ ನನ್ನ ಹೆಂಡತಿ ಕರಿಬಸಮ್ಮನಿಗೆ ಹೇಳಿಕೊಂಡಿದ್ದಳು.

“ಅಲ್ಲ ಕಣಮ್ಮ, ಹುಟ್ಟಿದಾಗಿಂದ ಎಷ್ಟೋ ದೇವ್ರುಗೆ ನಡಕೊಂಡಿವ್ನಿ. ಕೋಳಿ ಕೊಡು ಅಂದವೆ, ಮಡಿ ಮಾಡು ಅಂದವೆ, ಉಪಾಸ ಇರು ಅಂದವೆ. ನೀನು ದಣಿದಿದ್ದೀಯ ಬಾ ಕೂತ್ಕ ಅಂತ ಅಂದೋನು ಇವನೊಬ್ನೇ ಕಣಮ್ಮ.”

ಕರಿಬಸಮ್ಮ ನನ್ನ ಮುಂದೆ ಈ ಮಾತು ಹೇಳಿದಾಗ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಹೆಂಗಸರಿಗೆ ಮೋಕ್ಷ ಅಂದರೆ ಇಷ್ಟೇ, ಸೊಂಟ ನೀಟಿಕೊಳ್ಳಲು ಒಂದು ಚಾಪೆ!

ಆ ಚಾಪೆ ಅವಳಿಗೆ ಸಿಕ್ಕಿತೆ? ಎಲ್ಲಿ ಸಿಗುತ್ತದೆ! ಊರಿನಲ್ಲಿ ಪ್ರಾರ್ಥನೆಗೆ ಬೇರೆ ಮನೆ ಇಲ್ಲವೆಂದು ಗಂಗಹನುಮಯ್ಯನ ಪಡಸಾಲೆಯೇ ಪ್ರಾರ್ಥನಾಮಂದಿರವಾಯಿತು. ಭಾನುವಾರ ಬೆಳಿಗ್ಗೆ ಸಿರಾದಿಂದ, ಸಂತೆಯಲ್ಲಿ ಕೂಗಿದ ಅದೇ ಉಪದೇಶಿ ಸಂಜೀವಯ್ಯ ಸೈಕಲ್ಲು ತುಳಿದುಕೊಂಡು ಬರುವರು. ಕೊರಟಗೆರೆ ಕಡೆಯವರು, ಒಳ್ಳೆಯ ಮನುಷ್ಯ, ದನಿಯೂ ದೊಡ್ಡದು, ಹೊಟ್ಟೆಯೂ ಅಷ್ಟೇ. ನಾಲ್ಕಾರು ಮನೆಯ ಗಂಡಸರು ಒಗೆದ ಪಂಚೆ ಉಟ್ಟು ಬಂದು ಮುಂದೆ ಕೂರುವರು. ಹೆಂಗಸರು ಹಿಂದೆ ಗೋಡೆಗೆ ಒರಗುವರು. ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ಒಂದೇ ಮನೆಯ ಮಕ್ಕಳೆಂದು ಸಾಲಾಗಿ ಊಟಕ್ಕೆ ಕೂರುವರು. ಒಂದೇ ಮನೆಯ ಮಕ್ಕಳೇ ಸರಿ, ಆದರೆ ಅವರಿಗೆಲ್ಲ ಒಬ್ಬಳೇ ತಾಯಿ, ಅಶ್ವತ್ಥಮ್ಮ.

ಕರ್ತನ ದಿನ ಬಂತೆಂದರೆ ಅವಳು ಕೋಳಿ ಕೂಗುವ ಮುಂಚೆ ಎದ್ದು ರಾಗಿಕಲ್ಲಿನ ಮುಂದೆ ಕೂರುತ್ತಿದ್ದಳು. ಬೇರೆ ದಿನ ಮನೆಮಂದಿಗಷ್ಟೇ ಬೀಸಿದರೆ ಸಾಕಿತ್ತು, ಭಾನುವಾರ ಸಭೆಗೆಲ್ಲ ಬೀಸಬೇಕು. ನೀರು ಸೇದಬೇಕು, ಕೋಳಿ ಸುಡಬೇಕು, ಖಾರ ಅರೆಯಬೇಕು, ಹಿಟ್ಟು ತೊಳಸಬೇಕು. ಗೋಡೆಯ ಈಚೆ ವಿಶ್ರಾಂತಿಯ ವಿಷಯ ಭಾಷಣ ನಡೆಯುತ್ತಿತ್ತು. ಗೋಡೆಯ ಆಚೆ ಅದಕ್ಕೆ ರಾಗಿಕಲ್ಲು ಗರಗರ ತಾಳ ಹಾಕುತ್ತಿತ್ತು.

ಮೊದಲೆಲ್ಲ ಬೀಸುವಾಗ ಅವಳು ಹಾಡುತ್ತಿದ್ದಳು. ನಮ್ಮ ಹೆಂಗಸರೆಲ್ಲ ಹಾಡುತ್ತಾರೆ, ಹಾಡಿಲ್ಲದೆ ಆ ಕಲ್ಲು ತಿರುಗುವುದಿಲ್ಲ. ಮಾರಮ್ಮ, ಜುಂಜಪ್ಪ, ತವರುಮನೆ, ಹೀಗೆ ಎಲ್ಲರೂ ಆ ಹಾಡಿನಲ್ಲಿ ಬಂದು ಹೋಗುತ್ತಿದ್ದರು. ಸಂಜೀವಯ್ಯ ಒಂದು ದಿನ ಅದನ್ನು ಕೇಳಿಸಿಕೊಂಡು, “ತಾಯಿ, ಅನ್ಯದೇವತೆಗಳ ಹಾಡು ವಿಶ್ವಾಸಿಗಳ ಬಾಯಲ್ಲಿ ಬರಬಾರದು” ಎಂದು ಮೃದುವಾಗಿ ಬುದ್ಧಿ ಹೇಳಿದರು. ಅಲ್ಲಿಗೆ ಹಾಡು ಹೋಯಿತು, ಕಲ್ಲು ಉಳಿಯಿತು. ನನಗೆ ಆವತ್ತು ನಿಜವಾಗಿ ಸಿಟ್ಟು ಬಂತು. ಅವಳಿಂದ ತೆಗೆದುಕೊಳ್ಳುವುದಾದರೆ ಕಲ್ಲು ತೆಗೆದುಕೊಂಡು ಹಾಡು ಬಿಡಬಾರದಿತ್ತೆ ಈ ಪುಣ್ಯಾತ್ಮ?

ಕೊನೆಗೊಂದು ದಿನ ಅವಳು ಗಂಡನ ಮುಂದೆ ಬಾಯಿ ಬಿಟ್ಟಳು. ಶನಿವಾರ ಸಂಜೆ. ನಾನು ಅವರ ಜಗಲಿಯ ಅಂಚಿಗೆ ಎಲೆಅಡಿಕೆ ಹಾಕಿಕೊಂಡು ಕೂತಿದ್ದೆ. ಒಳಗೆ ಕಾಲಿಟ್ಟರೆ ಮಠದವರು ಏನಾದರೂ ಅನ್ನುತ್ತಾರೆಂದು ಜಗಲಿ ದಾಟುತ್ತಿರಲಿಲ್ಲ. ಕಿವಿಗೆ ಮಾತ್ರ ಅಂಥ ಮಡಿ ಇರಲಿಲ್ಲ.

“ನೋಡು, ಭಾನುವಾರ ಒಂದಿನ ನಾನು ಬೀಸಾಕಿಲ್ಲ. ಎಲ್ರೂ ಅವರವರ ಮನೇಲಿ ಒಂದೊಂದು ರೊಟ್ಟಿ ತಟ್ಟಿಸ್ಕೊಂಡು ಬರ್ಲಿ. ನಾನೂ ಕುಂತು ಪೂರಾ ಪ್ರಾರ್ಥನೆ ಕೇಳ್ತೀನಿ. ಇಷ್ಟೇ ನಾನು ಕೇಳೋದು.”

ಗಂಗಹನುಮಯ್ಯ ಬೈಯಲಿಲ್ಲ. ಬೈಯುವುದು ಒರಟರ ಕೆಲಸ, ಇವನು ದೇವರ ಮನುಷ್ಯ. “ಒಳ್ಳೇದು. ನಾನು ಯಾರು ಬ್ಯಾಡ ಅನ್ನಾಕೆ? ಸ್ವಾಮೀನೇ ಕೇಳಾನ” ಎಂದ.

ಪಡಸಾಲೆಯ ಗೋಡೆಯ ಮೇಲೆ ಮಿಷನ್ನಿನವರು ಕೊಟ್ಟ ಮರದ ಶಿಲುಬೆ ಇತ್ತು. ಅದಕ್ಕೆ ಎರಡು ಕೈ. ಒಂದು ಎಡಕ್ಕೆ, ಒಂದು ಬಲಕ್ಕೆ. ಅದನ್ನು ಗೋಡೆಗೆ ತೂಗುಹಾಕಿದ ದಿನವೇ ಗಂಗಹನುಮಯ್ಯನ ಕಣ್ಣು ಅರಳಿತ್ತು. “ನೋಡಿದ್ರಾ ಅಯ್ನೋರೆ, ಹೂ ಕೇಳಾಕೆ ಅಂತ್ಲೇ ಆಚಾರಿ ಕೈಲಿ ಮಾಡ್ಸಿದಂಗೈತೆ!” ಅಂದಿದ್ದ. ಅಂದಿನಿಂದ ಅವನ ಹಿಂದೆ ಬಂದವರೆಲ್ಲ ಸಂಜೀವಯ್ಯ ಇಲ್ಲದ ಹೊತ್ತು ನೋಡಿ ಶಿಲುಬೆಯಲ್ಲಿ ಹೂ ಕೇಳುತ್ತಿದ್ದರು. ಆಮೇಲೆ ಶಿಲುಬೆಗೆ ಅಂಟಿ ಉಳಿದ ಹೂವು ನೋಡಿ ಸಂಜೀವಯ್ಯನಿಗೆ ಆನಂದ. ಈ ಊರಿನ ಜನ ಎಷ್ಟು ಪ್ರೀತಿಯಿಂದ ಶಿಲುಬೆಗೆ ಅಲಂಕಾರ ಮಾಡುತ್ತಾರೆ ಎಂದು ಸಿರಾದಲ್ಲಿ ಹೊಗಳಿಕೊಂಡು ತಿರುಗಿದರಂತೆ ಪಾಪ.

ಆವತ್ತೂ ಗಂಗಹನುಮಯ್ಯ ಎರಡು ಕಣಗಿಲೆ ಹೂವು ನೀರಿನಲ್ಲಿ ಅದ್ದಿದ. ಬಲಗೈಗೆ ಒಂದು, ಎಡಗೈಗೆ ಒಂದು ಅಂಟಿಸಿದ. ಬಲಗಡೆಯ ಹೂವನ್ನು ಎರಡು ಸಲ ಅದ್ದಿ ಹೆಬ್ಬೆರಳಿನಿಂದ ಒತ್ತಿದ್ದು ಜಗಲಿಯ ಮೇಲಿದ್ದ ನನಗೇ ಕಾಣಿಸಿತು. ಕೈಮುಗಿದು ಕಣ್ಣು ಮುಚ್ಚಿ, “ಸ್ವಾಮಿ, ಅಶ್ವತ್ತಮ್ಮ ಭಾನುವಾರ ಬೀಸದೆ ಕುಂತ್ಕಬೋದಾ?” ಎಂದ. ಸ್ವಲ್ಪ ಹೊತ್ತಿಗೆ ಎಡಗಡೆಯ ಹೂವು ಬಿತ್ತು. “ನೋಡಿದ್ಯಾ? ನಂಗೇನೋ ಆಸೆ ಇತ್ತು. ಸ್ವಾಮಿ ಚಿತ್ತ ಇಲ್ವಲ್ಲ, ಏನ್ ಮಾಡಾನ” ಎಂದು ಪೂರಾ ದುಃಖದ ಮುಖ ಮಾಡಿಕೊಂಡ.

ಅಶ್ವತ್ಥಮ್ಮ ಬಿದ್ದ ಹೂವು ತೆಗೆದು ಹಿತ್ತಲಿಗೆ ಎಸೆದು ಬಂದಳು. ಆಮೇಲೆ ಮೊರ ತಗೊಂಡು ರಾಗಿ ಕೇರಲು ಕೂತಳು.

ಮತ್ತೊಂದು ವಾರ ಕೇಳಿದಳು, ಎಡಗಡೆ ಬಿತ್ತು. ಇನ್ನೊಂದು ವಾರ ಕೇಳಿದಳು, ಆಗಲೂ ಎಡಗಡೆ. ಹೋಗಲಿ ಎಂದು ಶನಿವಾರವೇ ದುಪ್ಪಟ್ಟು ಹಿಟ್ಟು ಬೀಸಿಟ್ಟುಕೊಂಡು ನೋಡಿದಳು. ಕೋಳಿಸಾರು ಚೆನ್ನಾಗಿರುತ್ತದೆ ಎನ್ನುವ ಸುವಾರ್ತೆ ಅಷ್ಟು ಹೊತ್ತಿಗೆ ಪಕ್ಕದ ಹಟ್ಟಿಗಳಿಗೂ ತಲುಪಿತ್ತು. ಇದ್ದ ಹಿಟ್ಟು ಸಾಲದೆ ಭಾನುವಾರ ಮತ್ತೆ ಕಲ್ಲಿನ ಮುಂದೆ ಕೂರಬೇಕಾಯಿತು. ಬರಬರುತ್ತಾ ಅವಳಿಗೆ ಬಾವಿಯಿಂದ ಕೊಡ ಎತ್ತಿಕೊಂಡು ಒಂದೇ ಸಲಕ್ಕೆ ನೆಟ್ಟಗೆ ನಿಲ್ಲಲು ಆಗುತ್ತಿರಲಿಲ್ಲ. ಮೊದಲು ಮೊಣಕಾಲಿಗೆ ಕೈಯೂರಿ, ಆಮೇಲೆ ಬಾವಿಕಟ್ಟೆ ಹಿಡಿದು, ಆಮೇಲೆ ಏಳುತ್ತಿದ್ದಳು. ಕರಿಬಸಮ್ಮ ಎಷ್ಟೋ ಸಲ ಅವಳ ಕೊಡ ಎತ್ತಿಕೊಟ್ಟು ಬಂದಳು.

ಹೀಗಿರುವಾಗ ಒಂದು ಭಾನುವಾರ ಪಡಸಾಲೆ ತುಂಬ ಜನ. ನಾನು ಜಗಲಿಯ ನನ್ನ ಜಾಗದಲ್ಲಿದ್ದೆ. ಸಂಜೀವಯ್ಯನವರಿಗೆ ಒಳ್ಳೆಯ ಉಮೇದು ಬಂದಿತ್ತು. ಸಿರಾದ ಸಂತೆಯಲ್ಲಿ ಕೂಗಿದ ಅದೇ ಮಾತನ್ನು ಎತ್ತಿಕೊಂಡಿದ್ದರು. ಒಳಗಿನಿಂದ ಕೋಳಿಸಾರಿನ ಘಮಲು ಬರುತ್ತಿತ್ತು, ಅದಕ್ಕೆ ತಕ್ಕ ಹಾಗೆ ಅವರ ದನಿಯೂ ಏರುತ್ತಿತ್ತು.

“ಸಹೋದರರೇ, ಸಹೋದರಿಯರೇ! ಕರ್ತನು ಕೈಚಾಚಿ ಕರೆಯುತ್ತಿದ್ದಾನೆ. ನಿಮ್ಮ ಹೊರೆಯನ್ನು ಇದ್ದಲ್ಲೇ ಇಳಿಸಿ ಬನ್ನಿ! ಇನ್ನೂ ಏಕೆ ತಡಮಾಡುತ್ತೀರಿ? ಇಂದೇ ಬನ್ನಿ, ಈ ಕ್ಷಣವೇ ಬನ್ನಿ!”

ಒಳಗೆ ರಾಗಿಕಲ್ಲು ನಿಂತಿತು.

ಅಶ್ವತ್ಥಮ್ಮ ಬಾಗಿಲಿಗೆ ಬಂದಳು. ಮೊಣಕೈವರೆಗೂ ಹಿಟ್ಟು, ಹಣೆಯಲ್ಲಿ ಬೆವರು. ಹೆಂಗಸರ ಸಾಲಿನಲ್ಲಿ ಜಾಗ ಮಾಡಿಕೊಂಡು ಚಾಪೆಯ ಮೇಲೆ ಕೂತು, “ತಡ ಮಾಡಲ್ಲ ಸಾಮಿ, ಬಂದ್ಬುಟ್ಟೆ” ಎಂದಳು.

ತಮ್ಮ ಭಾಷಣಕ್ಕೆ ಇಷ್ಟು ಬೇಗ ಫಲ ಸಿಕ್ಕಿದ್ದು ಸಂಜೀವಯ್ಯನಿಗೆ ಅದೇ ಮೊದಲಿರಬೇಕು, ಕಣ್ಣಲ್ಲಿ ನೀರು ಬಂತು. “ಸ್ತೋತ್ರ, ಸ್ತೋತ್ರ! ಬಹಳ ಸಂತೋಷ ತಾಯಿ” ಎಂದರು. ಆಮೇಲೆ ದನಿ ತಗ್ಗಿಸಿ, “ಅಡಿಗೆ ಮುಗಿಯಿತೇನು?” ಎಂದರು.

“ಸಾರು ಕುದೀತಾ ಐತೆ. ರಾಗಿ ಅರ್ಧ ಕಲ್ಲೊಳಗೈತೆ. ಹೊರೆ ಇದ್ದಲ್ಲೇ ಇಳಿಸಿ ಬಾ ಅಂದ್ರಲ್ಲ, ಇಳಿಸಿ ಬಂದೆ.”

ಗಂಡಸರ ಸಾಲಿನಲ್ಲಿ ತಲೆಗಳು ತಿರುಗಿದವು. ಗಂಗಹನುಮಯ್ಯ ಎದ್ದು ನಿಂತ. “ಲೇ, ಏನಾಗೈತೇ ನಿಂಗೆ? ಮೊದ್ಲು ಎದ್ದೋಗಿ ಹಿಟ್ಟು ತೊಳಸು.”

“ಏಳಾಕಿಲ್ಲ. ಇವತ್ತು ಭಾನುವಾರ.”

“ಭಾನುವಾರ ಅಂತ ನಂಗೊತ್ತಿಲ್ವ? ಅದ್ಕೇ ಅಲ್ವ ಇಷ್ಟು ಜನ ಬಂದಿರೋದು!”

“ಎತ್ತಿಗೆ ಸೋಮವಾರ ಐತೆ. ನಿಂಗೆ ಸೋಮವಾರಾನೂ ಐತೆ, ಭಾನುವಾರಾನೂ ಐತೆ. ನಂಗೆ ಯಾವ ವಾರ ಐತೆ, ನೀನೇ ಹೇಳು. ಈ ಮನೇಲಿ ಎತ್ತಾಗಿ ಹುಟ್ಟಿದ್ರೂ ವಾರಕ್ಕೊಂದಿನ ಮಲಗ್ತಿದ್ನಲ್ಲ.”

ಹಿಂದಿನ ಸಾಲಿನ ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಸಂಜೀವಯ್ಯ ಗಂಟಲು ಸರಿಮಾಡಿಕೊಂಡು ನಡುವೆ ಬಂದರು. “ತಾಯಿ, ನೀವು ತಪ್ಪು ತಿಳಿಯಬಾರದು. ಕರ್ತನು ಕೊಡುವ ವಿಶ್ರಾಂತಿ ಶರೀರಕ್ಕಲ್ಲ. ಅದು ಆತ್ಮಕ್ಕೆ.”

ಅಶ್ವತ್ಥಮ್ಮ ಅವರ ಮುಖವನ್ನೇ ನೋಡಿದಳು. “ಆತ್ಮ ಎಲ್ಲೈತೆ ಸಾಮಿ? ಈ ಸೊಂಟದ ಮ್ಯಾಲೇ ತಾನೆ ಕುಂತಿರೋದು? ಸೊಂಟ ಕಲ್ಲಿನ ಮುಂದೆ ಬಗ್ಗಿರೋವಾಗ ತಾನೊಂದೇ ಹೋಗಿ ಮಲಗಾಕೆ ಅದೇನು ಗಂಡಸಾ?”

ಎಲೆಅಡಿಕೆ ನನ್ನ ನೆತ್ತಿಗೆ ಹತ್ತಿತು. ಕೆಮ್ಮಿ ಕೆಮ್ಮಿ ಕಣ್ಣು ಒರೆಸಿಕೊಂಡೆ. ಸಂಜೀವಯ್ಯ ವೇದಪುಸ್ತಕದ ಹಾಳೆ ತಿರುಗಿಸಿದರು. ಅಲ್ಲೂ ಉತ್ತರ ಸಿಕ್ಕಲಿಲ್ಲವೆಂದು ಕಾಣುತ್ತದೆ, ಪುಸ್ತಕ ಮುಚ್ಚಿದರು.

ರಾಜಲಕ್ಷ್ಮಮ್ಮ ಎಂಬ ನೆರೆಮನೆಯ ಹೆಂಗಸು, ಸಭೆಯವಳೇ, ಜಗಳ ಬೆಳೆಯುವುದು ಬೇಡವೆಂದು ಸೆರಗು ಸಿಕ್ಕಿಸಿಕೊಂಡು ಅಡಿಗೆಮನೆಗೆ ಹೊರಟಳು. ಅಶ್ವತ್ಥಮ್ಮ ಕೂತಲ್ಲಿಂದಲೇ ಅವಳ ಸೆರಗು ಹಿಡಿದು ಜಗ್ಗಿದಳು. “ಕೂತ್ಕ ಕಣಮ್ಮ. ನಿನ್ನೂ ಕರೆದವ್ನೆ.” ರಾಜಲಕ್ಷ್ಮಮ್ಮ ಗಂಡನ ಕಡೆ ಒಂದು ಸಲ, ಚಾಪೆಯ ಕಡೆ ಒಂದು ಸಲ ನೋಡಿ ದೊಪ್ಪನೆ ಕೂತಳು.

ಇನ್ನು ಗಂಗಹನುಮಯ್ಯನಿಗೆ ಉಳಿದದ್ದು ಒಂದೇ ದಾರಿ. “ಆಯ್ತು, ನಮ್ಮ ನಮ್ಮಲ್ಲಿ ಯಾಕೆ ಮಾತು? ಸ್ವಾಮೀನೇ ಕೇಳ್ಬುಡಾನ” ಎಂದು ಹಿತ್ತಲಿಗೆ ಹೋಗಿ ಎರಡು ಕಣಗಿಲೆ ಕಿತ್ತು ತಂದ. ಚೊಂಬಿನಲ್ಲಿ ಅದ್ದಿ ಶಿಲುಬೆಯ ಎರಡು ಕೈಗೂ ಅಂಟಿಸಿದ. ಸಂಜೀವಯ್ಯನಿಗೆ ಆಗ ಅರ್ಥವಾಯಿತು, ಇಷ್ಟು ದಿನ ತಾವು ಹೊಗಳಿದ ಅಲಂಕಾರ ಏನೆಂದು. “ಏನಿದು? ಏನಿದು ಅನಾಚಾರ? ತೆಗೆಯಿರಿ ಅದನ್ನು!” ಎಂದು ಗುಡುಗಿದರು. ಗುಡುಗಿದ್ದು ನಿಜ. ಆದರೆ ಅವರೂ ಹೂ ಕೇಳುವ ಸೀಮೆಯಲ್ಲೇ ಹುಟ್ಟಿದವರು, ಹೊಟ್ಟೆಯೂ ಹಸಿದಿತ್ತು. ತೆಗೆಯಿರಿ ಎಂದ ಬಾಯಿ ಒಂದು ಕಡೆ, ಯಾವ ಹೂವು ಬೀಳುತ್ತದೋ ಎಂದು ನೋಡುವ ಕಣ್ಣು ಇನ್ನೊಂದು ಕಡೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎನ್ನುವ ಗಾದೆಯನ್ನು ಇವರಿಗಾಗಿಯೇ ಕಟ್ಟಿದ್ದರೋ ಏನೋ. ಇಡೀ ಸಭೆ ಗೋಡೆಯನ್ನೇ ನೋಡುತ್ತಿತ್ತು.

ಅಶ್ವತ್ಥಮ್ಮ ನೋಡಲಿಲ್ಲ. ಅವಳು ಜಗಳದ ದನಿಯಲ್ಲಿ ಮಾತಾಡಲೂ ಇಲ್ಲ. ಬಾವಿಕಟ್ಟೆಯ ಹತ್ತಿರ ಕರಿಬಸಮ್ಮನ ಜೊತೆ ಮಾತಾಡುವ ಹಾಗೆ ಹೇಳಿದಳು.

“ಮಾರಮ್ಮನ ಕಾಲದಿಂದ ಆ ಚೊಂಬಿಗೆ ನೀರು ತುಂಬಿ ಕೊಟ್ಟೋಳು ನಾನು. ಯಾವ ಹೂ ಮೊದ್ಲು ಬೀಳ್ತದೆ ಅಂತ ನಂಗೆ ತಿಳೀದಾ? ನಿಮ್ಮ ದೇವ್ರು ಮೂಗ, ಅದ್ಕೇ ಅವನ ಕೈಲಿ ಹೂ ಕೊಡುಸ್ತೀರಿ. ನಾನು ನಂಬಿರೋನು ಬಾಯ್ಬಿಟ್ಟು ಕರೆದವ್ನೆ. ಬಾ, ದಣಿವಾರಿಸ್ಕೊ ಅಂದವ್ನೆ. ಉಣ್ಣಾಕೆ ಬಾ ಅಂತ ಮನೆ ಬಾಗಿಲಿಗೆ ಬಂದು ಕರೆದೋರ ಮನೆಗೆ ಹೋಗಾಕೆ ಯಾರಾದ್ರೂ ಹೂ ಕೇಳ್ತಾರಾ? ಕರೆದೋರಿಗೆ ಅವಮಾನ ಅಲ್ವಾ ಅದು?”

ಇಷ್ಟು ಹೇಳಿ ಅವಳು ಚಾಪೆಯ ಮೇಲೆ ಅಡ್ಡಾದಳು. ಗೋಡೆಯ ಕಡೆ ತಿರುಗಿ, ತೋಳು ಮಡಿಸಿ ತಲೆದಿಂಬು ಮಾಡಿಕೊಂಡು, “ಅಪ್ಪಾ ತಂದೆ, ಬಂದಿವ್ನಿ, ನೋಡ್ಕ” ಎಂದಳು. ಅದೇ ಅವಳ ಪ್ರಾರ್ಥನೆ. ಮುಗಿಯುವಷ್ಟರಲ್ಲಿ ನಿದ್ದೆ ಹತ್ತಿತ್ತು. ಎಷ್ಟು ವರ್ಷಗಳ ನಿದ್ದೆ ಬಾಕಿ ಇತ್ತೋ, ಸಣ್ಣಗೆ ಗೊರಕೆಯೂ ಶುರುವಾಯಿತು.

ಆಗ ಹೂವು ಬಿತ್ತು. ಎಡಗಡೆಯದೇ. “ಬಿತ್ತು! ನೋಡ್ರಪ್ಪಾ, ಎಡಗಡೆ!” ಎಂದು ಗಂಗಹನುಮಯ್ಯ ಹೂವು ಎತ್ತಿ ಹಿಡಿದ. ತೋರಿಸುವುದು ಯಾರಿಗೆ? ಅಪ್ಪಣೆ ಕೇಳಬೇಕಾದವಳು ಗೊರಕೆ ಹೊಡೆಯುತ್ತಿದ್ದಳು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ, ಇಲ್ಲಿ ಉಣ್ಣುವ ಮುಂಚೆಯೇ ಮಲಗಿಯಾಗಿತ್ತು. ಅವನು ಹೂವು ಹಿಡಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತ. ಆಮೇಲೆ ಅವಳ ಭುಜ ಅಲ್ಲಾಡಿಸಲು ಬಗ್ಗಿದ.

“ಬೇಡ” ಎಂದರು ಸಂಜೀವಯ್ಯ. “ಎಬ್ಬಿಸಬೇಡಿ. ಕರ್ತನು ಮಲಗಿಸಿದವಳನ್ನು ಊಟಕ್ಕೋಸ್ಕರ ಎಬ್ಬಿಸಲೇ? ನನಗೆ ಅಷ್ಟೇನೂ ಹಸಿವಿಲ್ಲ.” ಅವರು ಹಾಗೆನ್ನುತ್ತಿದ್ದ ಹಾಗೆಯೇ ಅವರ ಹೊಟ್ಟೆ ಇಡೀ ಸಭೆಗೆ ಕೇಳುವಂತೆ ಗುರ್ರೆಂದಿತು.

ಆಮೇಲೆ ನಡೆದದ್ದನ್ನು ಏನೆಂದು ಹೇಳಲಿ! ಉಪದೇಶಿಗಳು ಕೋಟು ಬಿಚ್ಚಿ ಮೊಳೆಗೆ ನೇತುಹಾಕಿ ರಾಗಿಕಲ್ಲಿನ ಮುಂದೆ ಕೂತರು. ಉಪದೇಶಿಗಳೇ ಕೂತ ಮೇಲೆ ಗಂಗಹನುಮಯ್ಯ ನಿಂತಿರುವುದು ಹೇಗೆ? ಅವನೂ ಎದುರಿಗೆ ಕೂತು ಗೂಟ ಹಿಡಿದ. ಒಬ್ಬ ಬಲಕ್ಕೆ ಎಳೆದರೆ ಇನ್ನೊಬ್ಬ ಎಡಕ್ಕೆ ಎಳೆದ. ಕಲ್ಲು ಅಲ್ಲಾಡಲಿಲ್ಲ. ಸಾರು ಸೀದ ವಾಸನೆ ಬಂದಾಗ ಮೂರು ಗಂಡಸರು ಒಟ್ಟಿಗೆ ಓಡಿ ಒಲೆಯ ಹತ್ತಿರ ಒಬ್ಬರಿಗೊಬ್ಬರು ಢಿಕ್ಕಿ ಹೊಡೆದರು. ಕೊನೆಗೆ ಬೆಂದದ್ದು ಮುದ್ದೆಯೋ ಗಂಟಿನ ಗಂಜಿಯೋ, ತಿಂದವರು ಇವತ್ತಿಗೂ ಹೇಳಲೊಲ್ಲರು. ಹೆಂಗಸರು ಮಾತ್ರ ಗೋಡೆಗೊರಗಿ ಕಾಲು ನೀಡಿ ಕೂತಿದ್ದರು, ಯಾರೂ ಏಳಲಿಲ್ಲ.

ನಾನು ನಗುತ್ತಾ ಜಗಲಿಯಿಂದ ಎದ್ದೆ. ಹೋಗುವ ಮುಂಚೆ ಒಂದು ಸಲ ಒಳಗೆ ಇಣುಕಿದೆ. ಅಶ್ವತ್ಥಮ್ಮ ಮಗ್ಗುಲು ಬದಲಿಸಿದ್ದಳು, ಮುಖ ಈ ಕಡೆಗಿತ್ತು. ಹಿಟ್ಟು ಮೆತ್ತಿದ ಕೈ ಚಾಪೆಯ ಮೇಲೆ ಬಿಡಿಸಿಕೊಂಡಿತ್ತು. ಹಣೆಯಲ್ಲಿ ಯಾವಾಗಲೂ ಇರುತ್ತಿದ್ದ ಗೆರೆ ಇರಲಿಲ್ಲ. ಎಷ್ಟೋ ಮಠ ಸುತ್ತಿದ್ದೇನೆ, ಎಷ್ಟೋ ಸ್ವಾಮಿಗಳ ಪಾದೋದಕ ಕುಡಿದಿದ್ದೇನೆ, ಅಷ್ಟು ನೆಮ್ಮದಿಯ ಮುಖ ನಾನು ಕಂಡಿರಲಿಲ್ಲ. ನನಗೆ ನಗು ನಿಂತುಹೋಯಿತು. ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಮನೆಗೆ ಬರುವಷ್ಟರಲ್ಲಿ ಅದನ್ನು ಕೊಡವಿಕೊಂಡಿದ್ದೆ. ಕರಿಬಸಮ್ಮ ನಡುಮನೆಯಲ್ಲಿ ಸಂಜೆಯ ಹಿಟ್ಟಿಗೆ ರಾಗಿ ಬೀಸುತ್ತಿದ್ದಳು. ನಾನು ಕಂಬಕ್ಕೊರಗಿ ಕಾಲು ಚಾಚಿ ಕೂತು ಕಥೆಯನ್ನೆಲ್ಲ ರಸವತ್ತಾಗಿ ಹೇಳಿದೆ. ಹೂವು ಹಿಡಿದು ನಿಂತ ಗಂಗಹನುಮಯ್ಯನ ಮೋರೆಯನ್ನೂ, ಉಪದೇಶಿಯ ಹೊಟ್ಟೆಯ ಸದ್ದನ್ನೂ ಮಾಡಿ ತೋರಿಸಿದೆ. ಆತ್ಮ ಸೊಂಟದ ಮೇಲೆ ಕೂತಿದೆಯಂತೆ ಎಂದು ಹೇಳಿ ನಾನೇ ಬಿದ್ದು ಬಿದ್ದು ನಕ್ಕೆ.

ಕರಿಬಸಮ್ಮ ನಗಲಿಲ್ಲ. ಗೂಟದಿಂದ ಕೈ ತೆಗೆದು ಸೊಂಟದ ಮೇಲಿಟ್ಟುಕೊಂಡು ಎದುರು ಮನೆಯ ಬಾಗಿಲನ್ನೇ ನೋಡುತ್ತಿದ್ದಳು.

“ಅವ್ರ ಪ್ರಾರ್ಥನೆ ಎಷ್ಟೊತ್ತಿಗೆ ಸುರುವಾಗ್ತದೆ?” ಎಂದಳು.

“ನಿಂಗ್ಯಾಕೆ ಅದು? ಜಂಗಮರ ಮನೆ ಹೆಂಗಸು ನೀನು!”

“ಯಾಕೆ,” ಎಂದಳು ಕರಿಬಸಮ್ಮ, “ಜಂಗಮರ ಮನೆ ಹೆಂಗಸಿಗೆ ಸೊಂಟ ಇರಾಕಿಲ್ವಾ?”